ಗಿಣಿ ಕೈಗೆ ಸಿಗುತ್ತಿಲ್ಲ: ತಪ್ಪು ಯಾವ ಹಂತದಲ್ಲಿದೆ ಎಂದು ಹುಡುಕುವ ಬಗೆ

ನನ್ನದು ಹುಬ್ಬಳ್ಳಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ಗಿಣಿ ಸಾಕುವುದು ಮನೆಯ ಹವ್ಯಾಸ: ಎರಡು ಕಾಕಟೀಲ್, ಒಂದು ಸನ್ ಕನ್ಯೂರ್. ಕೆಲವು ವರ್ಷಗಳಿಂದ ಸಂಜೆ ಬರುವ ಫೋನುಗಳಲ್ಲಿ ಮೋಟರಿನವು ಎಷ್ಟೋ ಗಿಣಿಯವೂ ಅಷ್ಟೇ. "ಕಾಕಾ, ಉಗುರು ಬಾಳ ಬೆಳದಾವ್ರೀ. ಹಿಡಿಯಾಕ ಹೋದ್ರ ಕಡಿತೈತಿ. ನೀವ ಒಮ್ಮೆ ಬಂದು ಹಿಡಕೊಡ್ರಿ." ಹೋಗುತ್ತೇನೆ, ಹಿಡಿದುಕೊಡುತ್ತೇನೆ. ಬಹುತೇಕ ಮನೆಗಳಲ್ಲಿ ಕಂಡದ್ದು ಒಂದೇ. ಹಕ್ಕಿ ಕಚ್ಚಿದ್ದು ಕೊನೆಯ ಹಂತದಲ್ಲಿ, ಕೆಲಸ ಕೆಟ್ಟದ್ದು ಅದಕ್ಕೂ ಎರಡು ಹಂತ ಹಿಂದೆ.

ಅಂಗಡಿಗೆ ಮೋಟರ್ ಹೊತ್ತು ತರುವ ಗಿರಾಕಿ "ಕಾಯಿಲ್ ಸುಟ್ಟೈತಿ" ಎಂದು ತಾನೇ ತೀರ್ಮಾನಿಸಿಕೊಂಡು ಬಂದಿರುತ್ತಾನೆ. ಮೋಟರ್ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ನೋಡಿದರೆ ಹೋಗಿರುವುದು ಕೆಪಾಸಿಟರ್. "ನಮ್ಮ ಗಿಣಿಗೆ ಸಿಟ್ಟು ಬಾಳ" ಎನ್ನುವುದೂ ಇದೇ ಜಾತಿಯ ತೀರ್ಮಾನ. ಸಿಟ್ಟು ಎಂದುಬಿಟ್ಟರೆ ಮುಂದೆ ಹುಡುಕುವುದಕ್ಕೆ ಏನೂ ಉಳಿಯುವುದಿಲ್ಲ. ಹಾಗಾಗಿ ಲಕ್ಷಣದಿಂದ ಹಿಂದಕ್ಕೆ ಒಂದೊಂದೇ ಹಂತ ಬರೋಣ.

ಹಿಡಿಯುವ ಮೊದಲು ನೋಡಬೇಕಾದ್ದು

ಕೆಲವು ಸಲ ಹಕ್ಕಿಯನ್ನು ಹಿಡಿಯಲೇಬಾರದು. ಪಂಜರದ ತಳದಲ್ಲಿ ಪುಕ್ಕ ಉಬ್ಬಿಸಿಕೊಂಡು ಕೂತಿದೆ, ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿದೆ, ಸುಮ್ಮನೆ ಕೂತಾಗಲೂ ಬಾಯಿ ತೆರೆದೇ ಇದೆ. ಇವುಗಳಲ್ಲಿ ಒಂದು ಕಂಡರೂ ಉಗುರಿನ ಮಾತು ಬಿಟ್ಟು, ಪಂಜರಕ್ಕೆ ಬಟ್ಟೆ ಹೊದಿಸಿ, ಪಂಜರದ ಸಮೇತ ಪಶುವೈದ್ಯರ ಬಳಿ ಹೋಗಿ. ಗಿಣಿ ಜಾತಿಯವು ಕಾಯಿಲೆಯನ್ನು ಆದಷ್ಟು ಮುಚ್ಚಿಡುತ್ತವೆ. ನಮ್ಮ ಕಣ್ಣಿಗೆ ಕಾಣುವ ಹೊತ್ತಿಗೆ ಅವುಗಳ ತ್ರಾಣ ಮುಗಿಯುತ್ತ ಬಂದಿರುತ್ತದೆ. ಅಂಥ ಹಕ್ಕಿ ಹಿಡಿತದ ಗಾಬರಿಗೇ ಸಾಯಬಹುದು. ನಮ್ಮ ಕಡೆ ಪಶು ಆಸ್ಪತ್ರೆಗೆ ಹೆಚ್ಚು ಬರುವುದು ಎಮ್ಮೆ, ಎತ್ತು, ನಾಯಿ. ಹಕ್ಕಿ ನೋಡಿ ರೂಢಿ ಇರುವ ಡಾಕ್ಟರು ಯಾರೆಂದು ಹಕ್ಕಿ ಗಟ್ಟಿಯಿರುವಾಗಲೇ ವಿಚಾರಿಸಿಡಿ. ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಆ ಕಡೆಯವರು ಅಲ್ಲಿ ಕೇಳಬಹುದು.

ಯಾವ ಗಿಣಿ ಎಂಬುದನ್ನೂ ಹೇಳಿಬಿಡಬೇಕು. ಕುತ್ತಿಗೆಗೆ ಗುಲಾಬಿ ಪಟ್ಟಿ ಇರುವ ನಮ್ಮ ಹೊಲದ ಹಸಿರು ಗಿಣಿಯನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅಜ್ಜನ ಕಾಲದಲ್ಲಿ ಪಡಸಾಲೆಯಲ್ಲಿ ತೂಗುತ್ತಿತ್ತು ಎನ್ನುವ ಮಾತು ಈಗ ನಡೆಯುವುದಿಲ್ಲ. ಅಂಥದೊಂದು ಗಾಯಗೊಂಡು ಅಂಗಳಕ್ಕೆ ಬಿದ್ದರೆ ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿಟ್ಟು ಅರಣ್ಯ ಇಲಾಖೆಗೆ ತಿಳಿಸಿ. ಇಲ್ಲಿ ನಾನು ಹೇಳುತ್ತಿರುವುದು ಹೊರದೇಶದ ಸಾಕು ಜಾತಿಗಳ ಬಗ್ಗೆ: ಬಜ್ಜಿ (ಅಂಗಡಿಯವರು ಲವ್ ಬರ್ಡ್ಸ್ ಎಂದು ಮಾರುವುದು ಹೆಚ್ಚಾಗಿ ಇದನ್ನೇ), ಕಾಕಟೀಲ್, ಕನ್ಯೂರ್, ಆಫ್ರಿಕನ್ ಗ್ರೇ. ಕನ್ಯೂರ್ ಮತ್ತು ಗ್ರೇ ಇಟ್ಟುಕೊಂಡವರು 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಬಜ್ಜಿಗೂ ಕಾಕಟೀಲ್‌ಗೂ ಆ ತಾಪತ್ರಯ ಇಲ್ಲ.

ಕೋಣೆಯ ತಪಾಸಣೆ

ಫ್ಯಾನ್. ಇದನ್ನು ಮೊದಲು ಬರೆಯಲು ಕಾರಣ ಉಂಟು. ಒಂದು ಮನೆಯಲ್ಲಿ ನಾನು ಹೋದಾಗ ಕರೆಂಟ್ ಇರಲಿಲ್ಲ, ಫ್ಯಾನ್ ನಿಂತಿತ್ತು. ಎಲ್ಲರೂ ಅದನ್ನು ನೋಡಿ ಸರಿ ಎಂದರು, ಸ್ವಿಚ್ಚನ್ನು ಯಾರೂ ನೋಡಲಿಲ್ಲ. ಹಕ್ಕಿ ಕೈತಪ್ಪಿ ಕಪಾಟಿನ ಮೇಲೆ ಕೂತ ಹೊತ್ತಿಗೇ ಕರೆಂಟ್ ಬಂತು. ದಿನವಿಡೀ ಮೋಟರ್ ನಡುವೆ ಇರುವವನು ನಾನು, ನನಗೇ ಹೊಳೆದಿರಲಿಲ್ಲ. ಪುಣ್ಯಕ್ಕೆ ಆ ಮನೆಯ ಅಜ್ಜಿ ಬಾಗಿಲ ಬಳಿಯೇ ನಿಂತಿದ್ದರು, ಸ್ವಿಚ್ಚಿಗೆ ಕೈ ಹಾಕಿದರು. ಅವತ್ತಿನಿಂದ ಫ್ಯಾನ್ ತಿರುಗುತ್ತಿರಲಿ, ಬಿಡಲಿ, ಸ್ವಿಚ್ ಆರಿಸಿ ಅದರ ಮೇಲೆ ಟೇಪಿನ ತುಂಡು ಅಂಟಿಸುತ್ತೇನೆ.

ಉಳಿದದ್ದು ಬೇಗ ಮುಗಿಯುತ್ತದೆ. ಕಿಟಕಿ ಬಾಗಿಲು ಹಾಕಿ, ಗಾಜಿಗೂ ಕನ್ನಡಿಗೂ ಬಟ್ಟೆ ಇಳಿಬಿಡಿ. ನಾಯಿ, ಬೆಕ್ಕು, ನೋಡಲು ಬಂದ ಓಣಿಯ ಹುಡುಗರು ಹೊರಗೆ. ಅಡಿಗೆ ಮನೆಯಲ್ಲಿ ಒಲೆ ಹೊತ್ತಿಸಿರಬಾರದು; ತಿರುಗಾಡುವ ಹಕ್ಕಿ ಬಿಸಿ ಎಣ್ಣೆಗೆ ಬಿದ್ದ ಕತೆಗಳಿವೆ, ಅದಲ್ಲದೆ ನಾನ್‌ಸ್ಟಿಕ್ ಪಾತ್ರೆ ವಿಪರೀತ ಕಾದರೆ ಬರುವ ಹೊಗೆಯೇ ಹಕ್ಕಿಯನ್ನು ಕೊಲ್ಲುತ್ತದೆ. ಪಂಜರದೊಳಗಿನ ಜೋಕಾಲಿ, ಬಟ್ಟಲು, ಅಡ್ಡಕೋಲುಗಳನ್ನು ತೆಗೆದಿಡಿ, ಇಲ್ಲದಿದ್ದರೆ ರೆಕ್ಕೆ ತಾಗುವುದು ಅವಕ್ಕೇ. ಉಗುರು ಕತ್ತರಿ, ಕಾರ್ನ್‌ಫ್ಲೋರ್, ಹತ್ತಿ, ಔಷಧ ಎಲ್ಲ ಮೇಜಿನ ಮೇಲೆ ಸಿದ್ಧವಾದ ಮೇಲೇ ಹಕ್ಕಿಗೆ ಕೈ ಹಾಕುವುದು. ಹಕ್ಕಿಯನ್ನು ಹಿಡಿದು ನಿಂತು "ಕತ್ತರಿ ಎಲ್ಲಿಟ್ಟೀ?" ಎಂದು ಕೂಗುವ ಮನೆಗಳೇ ಜಾಸ್ತಿ.

ಲಕ್ಷಣ: ಕೈ ಒಳಗೆ ಹೋದರೆ ಹಿಂದಿನ ಮೂಲೆಗೆ ಓಡುತ್ತದೆ

ಇಲ್ಲಿ ಮೂರು ಸಣ್ಣ ಪರೀಕ್ಷೆ ಮಾಡುತ್ತೇನೆ. ಕೈ ಬದಲು ಅದೇ ದಪ್ಪದ ಒಂದು ಕೋಲನ್ನು ನಿಧಾನ ಒಳಗೆ ಬಿಡಿ. ಕೋಲಿಗೂ ಓಡಿದರೆ ಅದಕ್ಕೆ ಒಳಗೆ ಏನು ಬಂದರೂ ಹೆದರಿಕೆ. ಹಕ್ಕಿ ಹೊಸದು ಅಥವಾ ಪಂಜರದ ಜಾಗ ಸರಿಯಿಲ್ಲ. ಕೋಲಿಗೆ ಸುಮ್ಮನಿದ್ದು ಕೈಗೆ ಮಾತ್ರ ಓಡಿದರೆ ಕೈ ಹಿಂದೆ ಏನೋ ಮಾಡಿದೆ. ಎರಡನೆಯದು, ಮನೆಯ ಬೇರೆಯವರ ಕೈ ಹಾಕಿ ನೋಡುವುದು. ಒಬ್ಬರಿಗೆ ಮಾತ್ರ ಓಡಿದರೆ ಆ ಒಬ್ಬರ ಕೈಬಳೆ, ಗಡಿಯಾರ, ಕೆಂಪು ದಾರ ತೆಗೆದು ಮತ್ತೊಮ್ಮೆ ನೋಡಿ. ಹೊಸ ವಸ್ತುವಿಗೆ ಬೆಚ್ಚುವ ಹಕ್ಕಿಗಳುಂಟು. ಮೂರನೆಯದು, ಪಂಜರದ ಹೊರಗೆ ಮೇಜಿನ ಮೇಲಿದ್ದಾಗಲೂ ಇದೇ ಕೈಗೆ ಹೆದರುತ್ತದೆಯೇ? ಹೊರಗೆ ಹೆದರದಿದ್ದರೆ ಕೈಯದೇನೂ ತಪ್ಪಿಲ್ಲ, ಪಂಜರ ಅದರ ಮನೆ, ಅದನ್ನು ಅದು ಕಾಯುತ್ತಿದೆ ಅಷ್ಟೇ.

ಬಹಳ ಕಡೆ ಸಿಗುವ ತಪ್ಪು: ಕೈ ಮೇಲಿನಿಂದ ಇಳಿಯುತ್ತದೆ. ಗಿಣಿಗೆ ಆಕಾಶದಿಂದ ಬರುವುದು ಎಂದರೆ ಗಿಡುಗ. ಪಂಜರವನ್ನು ನೆಲದ ಮೇಲೋ ಸ್ಟೂಲಿನ ಮೇಲೋ ಇಟ್ಟ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಗಿಡುಗ ಬಂದ ಹಾಗೆ. ಪಂಜರವನ್ನು ನಿಮ್ಮ ಎದೆಯ ಮಟ್ಟಕ್ಕೆ ಏರಿಸಿ, ಒಂದು ಬದಿ ಗೋಡೆಗಿರಲಿ. ಕೈ ಕೆಳಗಿನಿಂದ, ಹಕ್ಕಿಯ ಹೊಟ್ಟೆಯ ಮಟ್ಟದಲ್ಲಿ, ಅದಕ್ಕೆ ಕಾಣುವ ಹಾಗೆ ಬರಬೇಕು. ಕೈಯಲ್ಲಿ ಏನಾದರೂ ಇರಲಿ: ನಾಲ್ಕು ಕುಸುಬಿ ಕಾಳು, ನವಣೆ ತೆನೆಯ ತುದಿ. ನಮ್ಮ ಕನ್ಯೂರಿಗೆ ಬ್ಯಾಡಗಿ ಮೆಣಸಿನಕಾಯಿ ಬೀಜ ಸಿಕ್ಕರೆ ಮೊಸರನ್ನ ಸಿಕ್ಕ ಹಾಗೆ. ಖಾರ ಎಂದು ನಮಗೆ ಗೊತ್ತುಮಾಡುವ ವಸ್ತು ಹಕ್ಕಿಯ ನರಕ್ಕೆ ತಟ್ಟುವುದೇ ಇಲ್ಲ, ಹಾಗಾಗಿ ಹೆದರಬೇಕಿಲ್ಲ. ಆದರೆ ಆ ಬೀಜ ಮುಟ್ಟಿದ ಕೈಯಲ್ಲಿ ನೀವು ಕಣ್ಣು ಉಜ್ಜಿಕೊಳ್ಳಬೇಡಿ.

ಲಕ್ಷಣ: ಬೆರಳ ಮೇಲೆ ಹತ್ತುವಾಗ ಕಚ್ಚುತ್ತದೆ

ಮೊದಲು ಅದು ಕಚ್ಚುವುದೇ ಹೌದೋ ನೋಡಿ. ಗಿಣಿಗೆ ಕೊಕ್ಕು ಮೂರನೆಯ ಕಾಲು. ಹೊಸ ಟೊಂಗೆಗೆ ಕಾಲಿಡುವ ಮೊದಲು ಕೊಕ್ಕಿನಿಂದ ಹಿಡಿದು ಗಟ್ಟಿ ಇದೆಯೇ ಎಂದು ನೋಡುತ್ತದೆ. ಬೆರಳನ್ನೂ ಹಾಗೆಯೇ ನೋಡುತ್ತದೆ. ಆಗ ನಾವು "ಅಯ್ಯಯ್ಯೋ" ಎಂದು ಬೆರಳು ಕಿತ್ತುಕೊಳ್ಳುತ್ತೇವೆ. ಟೊಂಗೆ ಅಲುಗಿತು. ಮುಂದಿನ ಸಲ ಟೊಂಗೆ ಅಲುಗದ ಹಾಗೆ ಅದು ಗಟ್ಟಿ ಹಿಡಿಯುತ್ತದೆ. ಅದರ ಮುಂದಿನ ಸಲ ಇನ್ನೂ ಗಟ್ಟಿ. ಹೀಗೆ ನಾವೇ ಕಲಿಸಿ, ಕಡಿಯುತ್ತದೆ ಎಂದು ಹೆಸರಿಟ್ಟೆವು. ತೋರುಬೆರಳನ್ನು ಅಡ್ಡಲಾಗಿ, ನೆಟ್ಟಗೆ, ಕಾಲಿನ ಸ್ವಲ್ಪ ಮೇಲೆ ಹೊಟ್ಟೆಗೆ ತಾಗಿಸಿ, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಳ್ಳಿ. ಮೊಣಕೈ ಗಾಳಿಯಲ್ಲಿದ್ದರೆ ಬೆರಳು ನಡುಗುತ್ತದೆ, ನಮಗೆ ಗೊತ್ತಾಗುವುದಿಲ್ಲ, ಹಕ್ಕಿಗೆ ಗೊತ್ತಾಗುತ್ತದೆ.

ನಿಜವಾದ ಕಚ್ಚಿಗೆ ಮುನ್ಸೂಚನೆ ಇರುತ್ತದೆ. ಕಣ್ಣಿನ ಪಾಪೆ ಸಣ್ಣದು ದೊಡ್ಡದು ಸಣ್ಣದು ಎಂದು ಬಡಿಯುತ್ತದೆ, ಬಾಲ ಬೀಸಣಿಗೆಯಂತೆ ಅಗಲವಾಗುತ್ತದೆ, ಕತ್ತಿನ ಪುಕ್ಕ ಏಳುತ್ತದೆ. ಕಾಕಟೀಲ್ ಆದರೆ ತುರಾಯಿಯೇ ಮೀಟರ್: ತಲೆಗೆ ಅಂಟಿದಂತೆ ಹಿಂದಕ್ಕೆ ಮಲಗಿಸಿ ಹಿಸ್ಸ್ ಎಂದರೆ ಕೈ ಹಿಂತೆಗೆಯಿರಿ, ನೆಟ್ಟಗೆ ನಿಂತಿದ್ದರೆ ಏನೋ ಬೆಚ್ಚಿಸಿದೆ, ಅರ್ಧಕ್ಕೆ ಸಡಿಲವಾಗಿ ಬಿದ್ದಿದ್ದರೆ ಕೆಲಸ ಮಾಡಬಹುದು. ಕಾಗದ ಹರಿಯುವುದು, ಸೋಫಾ ಕೆಳಗಿನ ಕತ್ತಲಿಗೆ ನುಗ್ಗುವುದು ಶುರುವಾಗಿದ್ದರೆ ಹಕ್ಕಿ ಬೆದೆಯಲ್ಲಿದೆ. ಆಗ ಬೆನ್ನು ಸವರಬೇಡಿ, ಅದು ಬೆದೆಯನ್ನು ಕೆರಳಿಸುತ್ತದೆ. ತಲೆ, ಕೆನ್ನೆ ಇಷ್ಟೇ. ಉಗುರಿನ ಕೆಲಸವನ್ನೂ ಎರಡು ವಾರ ಮುಂದೆ ಹಾಕಿ.

ಕಚ್ಚಿಯೇ ಬಿಟ್ಟರೆ? ಎಳೆಯಬೇಡಿ, ಎಳೆದರೆ ಚರ್ಮ ಹರಿಯುತ್ತದೆ. ಝಾಡಿಸಬೇಡಿ. ಕೈಯನ್ನು ಅದರ ಕಡೆಗೇ ಸ್ವಲ್ಪ ಒತ್ತಿ, ಹಿಡಿತ ಸಡಿಲುತ್ತದೆ. ಹಾಗೇ ಮೇಜಿನ ಮೇಲೆ ಇಳಿಸಿ. ಕೊಕ್ಕಿಗೆ ಬೆರಳಿನಿಂದ ಹೊಡೆಯುವ ರೂಢಿ ಕೆಲವರಿಗಿದೆ, ಅದರಿಂದ ಆಗುವುದು ಒಂದೇ, ಮೇಲೆ ಹೇಳಿದ ಮೊದಲ ಲಕ್ಷಣ ಹೊಸದಾಗಿ ಹುಟ್ಟುತ್ತದೆ. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಲ್ಲಿ ತೊಳೆಯಿರಿ, ಆಳವಿದ್ದರೆ ಡಾಕ್ಟರಿಗೆ ತೋರಿಸಿ.

ಲಕ್ಷಣ: ಟವೆಲ್ ಕಂಡರೆ ಹುಚ್ಚೆದ್ದು ಹಾರುತ್ತದೆ

ಟವೆಲ್ ಅದಕ್ಕೆ ಕಂಡದ್ದು ಯಾವಾಗ ಎಂದು ಕೇಳುತ್ತೇನೆ. ಉತ್ತರ ಯಾವಾಗಲೂ ಒಂದೇ: "ಉಗುರು ಕತ್ತರಸಾಕ ಅಷ್ಟ ತಗೀತೀವಿ." ಅಂದರೆ ಟವೆಲ್ ಬಂತು ಎಂದರೆ ಸಂಕಟ ಬಂತು ಎಂದು ಹಕ್ಕಿ ಸರಿಯಾಗಿಯೇ ಲೆಕ್ಕ ಹಾಕಿದೆ. ಟವೆಲ್ ಮನೆಯ ಸಾಮಾನುಗಳಲ್ಲಿ ಒಂದಾಗಬೇಕು. ಮೊದಲು ಮಡಚಿ ಪಂಜರದಿಂದ ನಾಲ್ಕು ಮಾರು ದೂರ ಇಡಿ. ಹಕ್ಕಿ ಅದನ್ನು ನೋಡುವುದು ಬಿಟ್ಟು ತನ್ನ ಕೆಲಸಕ್ಕೆ ಹೋದ ದಿನ ಒಂದು ಮಾರು ಹತ್ತಿರ. ಆಮೇಲೆ ಮೇಜಿನ ಮೇಲೆ ಹಾಸಿ ಮೇಲೆ ಕಾಳು ಚೆಲ್ಲಿ. ಆಮೇಲೆ ಅಂಚನ್ನು ಎತ್ತಿ ಡೇರೆ ಮಾಡಿ ಒಳಗೆ ಕಾಳು ಇಡಿ. ಕೊನೆಗೆ ಬೆನ್ನ ಮೇಲೆ ಒಂದು ಕ್ಷಣ ಹೊದಿಸಿ ತೆಗೆಯಿರಿ. ಧಾರವಾಡದ ಸಪ್ತಾಪುರದಲ್ಲಿ ಒಬ್ಬ ವೈನಿ ಇದನ್ನು ಹನ್ನೆರಡು ದಿನದಲ್ಲಿ ಮುಗಿಸಿದರು. ನನ್ನ ಕನ್ಯೂರ್ ಎರಡೂವರೆ ತಿಂಗಳು ತೆಗೆದುಕೊಂಡಿತು. ಕ್ಯಾಲೆಂಡರ್ ನೋಡಿ ಮುಂದೆ ಹೋಗಬೇಡಿ, ಹಕ್ಕಿ ನೋಡಿ ಹೋಗಿ.

ಬಟ್ಟೆಯಲ್ಲೂ ತಪ್ಪಿರಬಹುದು. ಸ್ನಾನದ ಟವೆಲ್‌ನ ದಾರದ ಕುಣಿಕೆಗಳಿಗೆ ಉಗುರು ಸಿಕ್ಕಿಬೀಳುತ್ತದೆ, ಹಕ್ಕಿ ಕಾಲು ಎಳೆದುಕೊಂಡರೆ ಬೆರಳು ಉಳುಕುತ್ತದೆ. ನಾನು ಬಳಸುವುದು ಅಪ್ಪನ ಹಳೇ ಧೋತರದ ತುಂಡು, ಎರಡು ಮಡಿಕೆ ಮಾಡಿ ಅಂಚು ಹೊಲಿದದ್ದು. ಮೆತ್ತಗಿದೆ, ಗಾಳಿಯಾಡುತ್ತದೆ, ಒಳಗೆ ಹಕ್ಕಿ ಎಷ್ಟು ಬಿಗಿ ಇದೆ ಎಂದು ಬೆರಳಿಗೆ ತಿಳಿಯುತ್ತದೆ. ಈ ಕಾರಣಕ್ಕೇ ತೊಗಲಿನ ಕೈಗವಸು ಬೇಡ ಎನ್ನುತ್ತೇನೆ. ನಿಮ್ಮ ಬೆರಳು ಉಳಿಯುತ್ತದೆ ನಿಜ, ಆದರೆ ಎಷ್ಟು ಒತ್ತಿದಿರಿ ಎಂಬುದು ನಿಮಗೇ ಗೊತ್ತಾಗುವುದಿಲ್ಲ.

ಲಕ್ಷಣ: ಬಟ್ಟೆಯಲ್ಲಿ ಸುತ್ತಿದರೂ ಒದ್ದಾಡುತ್ತದೆ, ಅಥವಾ ತಟ್ಟನೆ ಸುಮ್ಮನಾಗುತ್ತದೆ

ಇದರಲ್ಲಿ ಎರಡನೆಯದು ಮೊದಲನೆಯದಕ್ಕಿಂತ ಅಪಾಯ. ನನಗೆ ಅದು ಗೊತ್ತಾದದ್ದು ನನ್ನ ಮೊದಲ ಕಾಕಟೀಲ್‌ನಿಂದ. ಪಾರಿವಾಳ ಹಿಡಿದು ರೂಢಿಯಿದ್ದ ಕೈ. ಎದೆಯ ಸುತ್ತ ಬೆರಳು ತಂದು ಮುಷ್ಟಿಯಲ್ಲಿ ಹಿಡಿದು ಉಗುರು ಕತ್ತರಿಸುತ್ತಿದ್ದೆ. ಮೊದಲ ಎರಡು ಉಗುರಿಗೆ ಒದ್ದಾಡಿತು, ಮೂರನೆಯದಕ್ಕೆ ಸುಮ್ಮನಾಯಿತು. ಒಗ್ಗಿಕೊಂಡಿತು ಎಂದು ನಾಲ್ಕನೆಯದಕ್ಕೆ ಕತ್ತರಿ ಇಟ್ಟೆ. ಹೆಂಡತಿ ಎದುರು ಕೂತಿದ್ದಳು. "ಅದರ ಕಣ್ಣ ನೋಡ್ರಿ ಒಮ್ಮೆ" ಎಂದಳು. ಕಣ್ಣು ಅರೆಮುಚ್ಚಿತ್ತು, ಬಾಯಿ ತೆರೆದಿತ್ತು, ತಲೆ ನನ್ನ ಹೆಬ್ಬೆರಳಿನ ಮೇಲೆ ಒರಗಿತ್ತು. ಬೆರಳು ಬಿಚ್ಚಿದೆ. ಮೇಜಿನ ಮೇಲೆ ಹೊಟ್ಟೆಯೂರಿ ಬಿದ್ದುಕೊಂಡು ಬಾಲ ಆಡಿಸುತ್ತ ಉಸಿರೆಳೆಯಿತು. ಎದ್ದು ನಿಲ್ಲುವುದಕ್ಕೆ ಹತ್ತು ನಿಮಿಷ ಹಿಡಿಯಿತು. ಆ ಹತ್ತು ನಿಮಿಷ ಇಬ್ಬರೂ ಮಾತಾಡಲಿಲ್ಲ.

ಆಗಿದ್ದು ಏನೆಂದರೆ, ಹಕ್ಕಿಗೆ ನಮ್ಮ ಹಾಗೆ ಎದೆಗೂ ಹೊಟ್ಟೆಗೂ ನಡುವೆ ಉಸಿರು ಎಳೆಯುವ ವಪೆ ಇಲ್ಲ. ಎದೆಮೂಳೆ ಮುಂದಕ್ಕೆ ಕೆಳಕ್ಕೆ ಚಲಿಸಿದಾಗ ಒಳಗಿನ ಗಾಳಿಚೀಲಗಳು ಹಿಗ್ಗಿ ಗಾಳಿ ಒಳಗೆ ಬರುತ್ತದೆ, ಹಿಂದಕ್ಕೆ ಬಂದಾಗ ಹೊರಗೆ ಹೋಗುತ್ತದೆ. ಕಮ್ಮಾರನ ತಿದಿಯ ಹಾಗೆ. ತಿದಿಗೆ ಹಗ್ಗ ಬಿಗಿದರೆ ಕುಲುಮೆಗೆ ಗಾಳಿ ಎಲ್ಲಿಂದ? ಮೂಗು, ಬಾಯಿ ಬಿಟ್ಟೇ ಇದ್ದರೂ ಎದೆ ಒತ್ತಿದರೆ ಹಕ್ಕಿಗೆ ಉಸಿರಿಲ್ಲ. ಕೋಳಿ, ಪಾರಿವಾಳ, ಗಿಣಿ ಎಲ್ಲಕ್ಕೂ ಇದೇ ಲೆಕ್ಕ. 90 ಗ್ರಾಂ ತೂಗುವ ಕಾಕಟೀಲ್‌ಗೆ, 35 ಗ್ರಾಂ ತೂಗುವ ಬಜ್ಜಿಗೆ ನಮ್ಮ ಮುಷ್ಟಿಯ ಸಣ್ಣ ಒತ್ತೂ ದೊಡ್ಡದು.

ಹಾಗಾದರೆ ಎಲ್ಲಿ ಹಿಡಿಯುವುದು? ತಲೆ. ಕೇಳಿದವರು ಹೌಹಾರುತ್ತಾರೆ, ಕುತ್ತಿಗೆ ಹಿಸುಕಿದಂತಾಗುವುದಿಲ್ಲವೇ ಎಂದು. ಹಕ್ಕಿಯ ಶ್ವಾಸನಾಳದ ಸುತ್ತ ಇರುವ ಮೃದ್ವಸ್ಥಿಯ ಉಂಗುರಗಳು ಪೂರ್ತಿ ದುಂಡಗಿವೆ. ನಮ್ಮದರಲ್ಲಿ ಅವು ಹಿಂಬದಿ ತೆರೆದಿರುತ್ತವೆ. ಹಾಗಾಗಿ ಕುತ್ತಿಗೆಯ ಸುತ್ತ ಹಗುರ ಬೆರಳು ಬಂದರೆ ನಾಳ ಚಪ್ಪಟೆಯಾಗುವುದಿಲ್ಲ. ಹಗುರ ಎಂಬ ಮಾತನ್ನು ಮರೆಯಬೇಡಿ.

ಕ್ರಮ ಹೀಗೆ. ಬಟ್ಟೆಯನ್ನು ಎಡ ಅಂಗೈ ಮೇಲೆ ಹರಡಿ ಹಿಂದಿನಿಂದ ಬನ್ನಿ. ಹೆಬ್ಬೆರಳು ಒಂದು ದವಡೆಯ ಕೀಲಿಗೆ, ನಡುಬೆರಳು ಇನ್ನೊಂದು ದವಡೆಯ ಕೀಲಿಗೆ, ತೋರುಬೆರಳು ನೆತ್ತಿಯ ಮೇಲೆ. ಮೂರೂ ಸೇರಿ ತಲೆ ತಿರುಗದಂತೆ ತಡೆದರೆ ಸಾಕು. ಬಲಗೈಯಿಂದ ಬಟ್ಟೆಯ ಎರಡೂ ಅಂಚನ್ನು ರೆಕ್ಕೆ ಮಡಚಿದ ಹಾಗೇ ಮುಂದೆ ತನ್ನಿ, ಎದೆಯ ಮೇಲೆ ಒಂದರ ಮೇಲೊಂದು ಬರಬಾರದು, ಬದಿಯಲ್ಲೇ ನಿಲ್ಲಲಿ. ಎದೆಯ ಮುಂದೆ ಒಂದು ಬೆರಳು ಹೊಕ್ಕು ಬರುವಷ್ಟು ಜಾಗ ಇದೆಯೇ ಎಂದು ಬೆರಳು ಹಾಕಿ ನೋಡಿ. ಬೆನ್ನು ನಿಮ್ಮ ಮುಂಗೈಗೋ ತೊಡೆಗೋ ಆನಿರಲಿ. ಕಾಲಿಗೆ ಹಿಡಿಯಲು ಏನಾದರೂ ಕೊಡಿ, ಬಟ್ಟೆಯ ಮುದ್ದೆಯಾದರೂ ಸರಿ. ಗಿಣಿಯ ಕಾಲಲ್ಲಿ ಎರಡು ಬೆರಳು ಮುಂದೆ ಎರಡು ಹಿಂದೆ, ಹಿಡಿಯಲೆಂದೇ ಮಾಡಿದ ಕಾಲು ಅದು. ಖಾಲಿ ತೂಗಿದರೆ ಒದೆಯುತ್ತದೆ. ಬಜ್ಜಿಯಂಥ ಸಣ್ಣದಕ್ಕೆ ಇಷ್ಟೆಲ್ಲ ಬೇಡ: ಬೆನ್ನು ಅಂಗೈಯಲ್ಲಿ, ಕತ್ತಿನ ಎರಡೂ ಬದಿಗೆ ತೋರುಬೆರಳು ನಡುಬೆರಳು, ಉಳಿದ ಬೆರಳು ಬರೀ ಸುತ್ತ ಇರುತ್ತವೆ, ಒತ್ತುವುದಿಲ್ಲ. ಆಫ್ರಿಕನ್ ಗ್ರೇ ಇರುವವರು ಇಬ್ಬರಾಗಿ ಮಾಡಿ. ಅರ್ಧ ಕಿಲೋ ತೂಕದ ಆ ಹಕ್ಕಿಯ ಕೊಕ್ಕು ಬೆರಳಿನ ಮೂಳೆಯವರೆಗೆ ಹೋಗುತ್ತದೆ.

ಒದ್ದಾಟ ನಿಲ್ಲದಿದ್ದರೆ ಈ ಸಾಲಿನಲ್ಲಿ ಹುಡುಕಿ. ಒಂದು ರೆಕ್ಕೆ ಬಟ್ಟೆಯ ಹೊರಗೆ ಉಳಿದಿದೆಯೇ? ಇದೇ ಹೆಚ್ಚು. ಹಾಗಿದ್ದರೆ ಎಳೆದು ಒಳಗೆ ಸೇರಿಸಬೇಡಿ, ರೆಕ್ಕೆಯ ಮೂಳೆ ಮುರಿಯುವುದು ಆಗಲೇ. ಬಿಟ್ಟು ಮೊದಲಿನಿಂದ ಹಿಡಿಯಿರಿ. ಬೆರಳು ಕಣ್ಣಿನ ಮೇಲೆ ಬಂದಿದೆಯೇ? ಕಾಲು ಗಾಳಿಯಲ್ಲಿದೆಯೇ? ಸುತ್ತ ನಾಲ್ಕು ಜನ ಏನು ಮಾಡಬೇಕೆಂದು ಸಲಹೆ ಕೊಡುತ್ತಿದ್ದಾರೆಯೇ? ನಗಬೇಡಿ, ಕೊನೆಯದನ್ನು ಸರಿಪಡಿಸಿದ ಕೂಡಲೇ ಸುಮ್ಮನಾದ ಹಕ್ಕಿಗಳನ್ನು ನೋಡಿದ್ದೇನೆ.

ಎಲ್ಲವನ್ನೂ ಬಿಟ್ಟು ಕೈ ಬಿಚ್ಚಬೇಕಾದ ಹೊತ್ತು

ಬಾಯಿ ತೆರೆದು ಏದುಸಿರು, ಬಾಲದ ಬಡಿತ, ಕಣ್ಣು ಮುಚ್ಚುವುದು, ಹಿಡಿತ ಕಳೆದುಕೊಂಡ ಕಾಲು. ಒಂದು ಕಂಡರೂ ಆ ಕ್ಷಣವೇ ಬಿಡಿ. ಐದು ಉಗುರು ಉಳಿದಿದ್ದರೂ ಉಳಿಯಲಿ, ನಾಳೆಯೂ ದಿನವಿದೆ. ಏನೂ ಕಾಣದಿದ್ದರೂ ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ, ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ನೋಡುವ ಕೆಲಸ ಮನೆಯ ಮಕ್ಕಳಿಗೆ ಕೊಡುತ್ತೇನೆ.

ನಮ್ಮ ಊರಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಈ ಕೆಲಸ ಮಾಡಲೇಬೇಡಿ. ಹಕ್ಕಿಯ ಮೈಬಿಸಿ ಮೊದಲೇ 40ರಿಂದ 42 ಡಿಗ್ರಿ ಸೆಲ್ಸಿಯಸ್, ಬೆವರಲು ಗ್ರಂಥಿಯಿಲ್ಲ. ಬಾಯಿ ತೆರೆದು ಉಸಿರಾಡಿಯೇ ತಣ್ಣಗಾಗಬೇಕು. ಅದನ್ನು ಬಟ್ಟೆಯಲ್ಲಿ ಸುತ್ತಿ ನಮ್ಮ ಬಿಸಿ ಅಂಗೈಯಲ್ಲಿಟ್ಟರೆ ಒಲೆಯ ಮೇಲಿಟ್ಟಂತೆ. ಬೆಳಿಗ್ಗೆ ಆರೂವರೆ, ಏಳು ಗಂಟೆ ಒಳ್ಳೆಯದು, ಹೊಟ್ಟೆಯೂ ಕಾಳಿನಿಂದ ತುಂಬಿರುವುದಿಲ್ಲ. ಬಿಟ್ಟ ಮೇಲೂ ಏದುಸಿರು ಐದು ನಿಮಿಷ ದಾಟಿದರೆ ಡಾಕ್ಟರಿಗೆ ಫೋನ್ ಮಾಡಿ.

ಲಕ್ಷಣ: ಉಗುರಿನಿಂದ ರಕ್ತ

ಉಗುರಿನ ಒಳಗೆ ರಕ್ತನಾಳ ಅರ್ಧಕ್ಕೂ ಮೇಲೆ ಬಂದಿರುತ್ತದೆ. ಬಿಳಿ ಉಗುರಲ್ಲಿ ಗುಲಾಬಿ ಗೆರೆಯಾಗಿ ಕಾಣುತ್ತದೆ, ಕಪ್ಪಲ್ಲಿ ಕಾಣುವುದಿಲ್ಲ. ತುದಿ ಮಾತ್ರ, ಅದೂ ಸ್ವಲ್ಪ ಸ್ವಲ್ಪವಾಗಿ ತೆಗೆಯುವುದು. ನಾನಾದರೆ ಅರದ ತುಂಡಿನಿಂದ ಉಜ್ಜುತ್ತೇನೆ, ಕತ್ತರಿ ಅಪರೂಪ. ರಕ್ತ ಬಂದರೆ ಕಾರ್ನ್‌ಫ್ಲೋರನ್ನು ಉಗುರ ತುದಿಗೆ ಒತ್ತಿ ಒಂದು ನಿಮಿಷ ಹಿಡಿಯಿರಿ. ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಫೋನಿನಲ್ಲಿ ಒಬ್ಬರಿಗೆ "ಜೋಳದ ಹಿಟ್ಟು ಹಚ್ಚಿ" ಎಂದಿದ್ದೆ. ನಮ್ಮ ಕಡೆ ಜೋಳ ಎಂದರೆ ರೊಟ್ಟಿಯ ಬಿಳಿ ಜೋಳ. ಆ ತಾಯಿ ರೊಟ್ಟಿ ಹಿಟ್ಟನ್ನೇ ಹಚ್ಚಿದ್ದರು, ರಕ್ತ ನಿಂತಿರಲಿಲ್ಲ. ಬೇಕಾದದ್ದು ಗೋವಿನಜೋಳದಿಂದ ತೆಗೆದ ನುಣುಪು ಬಿಳಿ ಪುಡಿ, ಕಿರಾಣಿ ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಎಂದೇ ಕೇಳಿ.

ಎಷ್ಟು ರಕ್ತ ಹೋದರೆ ಹೆದರಬೇಕು? ಹಕ್ಕಿಯ ಮೈಯಲ್ಲಿ ರಕ್ತ ಅದರ ತೂಕದ ಹತ್ತರಲ್ಲಿ ಒಂದು ಪಾಲು. ಗಟ್ಟಿಯಿರುವ ಹಕ್ಕಿ ಅದರಲ್ಲೂ ಹತ್ತರಲ್ಲೊಂದು ಪಾಲು ಕಳೆದುಕೊಂಡರೆ ತಾಳುತ್ತದೆ. 90 ಗ್ರಾಂನ ಕಾಕಟೀಲ್‌ಗೆ ಅದು ಒಂದು ಮಿಲಿಲೀಟರಿನ ಒಳಗೆ, ಅಂದರೆ ಹೆಚ್ಚೆಂದರೆ ಇಪ್ಪತ್ತು ಹನಿ. ಬಜ್ಜಿಗೆ ಏಳೆಂಟು ಹನಿ. ಬಟ್ಟೆಯ ಮೇಲೆ ಒಂದು ರೂಪಾಯಿಯಗಲ ಕಲೆ ಕಂಡರೆ ಅಷ್ಟು ಗಾಬರಿ ಬೇಡ, ಆದರೆ ಹನಿ ನಿಲ್ಲದೆ ಬೀಳುತ್ತಿದ್ದರೆ ಕಾಯಬೇಡಿ. ಎಳೆಯ ಗರಿಯ ಬುಡದಲ್ಲೂ ರಕ್ತ ಇರುತ್ತದೆ. ಒದ್ದಾಟದಲ್ಲಿ ಅದು ಮುರಿದರೆ ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿದು ಡಾಕ್ಟರ ಬಳಿ ಹೋಗಿ, ಗರಿಯನ್ನು ಮನೆಯಲ್ಲಿ ಕೀಳಬೇಡಿ.

ಲಕ್ಷಣ: ಔಷಧ ಕೊಟ್ಟರೆ ಉಗುಳುತ್ತದೆ, ಕೆಮ್ಮುತ್ತದೆ

ಹಕ್ಕಿಯನ್ನು ಅಂಗಾತ ಮಲಗಿಸಿದ್ದೀರಿ. ನೆಟ್ಟಗೆ ಹಿಡಿಯಿರಿ. ಸೂಜಿಯಿಲ್ಲದ ಸಿರಿಂಜನ್ನು ಹಕ್ಕಿಯ ಎಡ ಬದಿಯಿಂದ ಇಟ್ಟು ಬಲಗಡೆಗೆ ತಿರುಗಿಸಿ ಒಂದೊಂದೇ ಹನಿ ಬಿಡಿ, ನುಂಗಿದ ಮೇಲೆ ಇನ್ನೊಂದು. ಕೆಮ್ಮಿದರೆ ನಿಲ್ಲಿಸಿ.

ಲಕ್ಷಣ: ಹಿಡಿದ ಮೇಲೆ ನಾಲ್ಕು ದಿನ ಹತ್ತಿರ ಬರುವುದಿಲ್ಲ

ಹಿಡಿದದ್ದರಲ್ಲಿ ತಪ್ಪಿಲ್ಲದಿದ್ದರೆ ಬಿಟ್ಟದ್ದರಲ್ಲಿ ಹುಡುಕಿ. ಕೆಲಸ ಮುಗಿಯಿತು ಎಂದು ಪಂಜರದೊಳಗೆ ತುರುಕಿ ಬಾಗಿಲು ಹಾಕಿದಿರಾ? ಅಥವಾ ಒದ್ದಾಟ ಜೋರಾದ ಕ್ಷಣದಲ್ಲಿ ಕೈ ಬಿಟ್ಟಿರಾ? ಎರಡನೆಯದಾದರೆ ಒದ್ದಾಡಿದರೆ ಬಿಡುತ್ತಾರೆ ಎಂದು ಅದು ಕಲಿತಿದೆ, ಮುಂದಿನ ಸಲ ಮೊದಲ ಸೆಕೆಂಡಿನಿಂದಲೇ ಶುರು. ಏದುಸಿರಿನಂಥ ಅಪಾಯ ಇಲ್ಲದಿದ್ದರೆ ಅದು ಒಂದೆರಡು ಉಸಿರು ಸಮಾಧಾನವಾಗಿ ಎಳೆಯುವವರೆಗೆ ತಡೆದು, ನೆಲದ ಮೇಲೋ ಮಂಚದ ಮೇಲೋ ಕಾಲೂರಿಸಿ, ಮೊದಲು ಬಟ್ಟೆ ಬಿಚ್ಚಿ, ತಲೆಯ ಬೆರಳು ಕೊನೆಗೆ ತೆಗೆಯಿರಿ. ಮುಂದೆ ಕಾಳು ಇರಲಿ. ಮೊದಲು ತಲೆ ಬಿಟ್ಟವರಿಗೆ ಕೊನೆಯ ಕಚ್ಚು ಕಟ್ಟಿಟ್ಟದ್ದು.

ಮಕ್ಕಳಿಗೆ ಹಕ್ಕಿ ಹೆಚ್ಚು ಹೊಂದಿಕೊಂಡಿದ್ದರೆ ಹಿಡಿಯುವ ಕೆಲಸಕ್ಕೆ ಅವರನ್ನು ಕರೆಯಬೇಡಿ. ಹಿಡಿಯುವವರು ಬೇರೆ, ತಿನ್ನಿಸುವವರು ಬೇರೆ ಇರಲಿ. ನನ್ನನ್ನು ಕರೆಯುವುದರಲ್ಲಿ ಇದೊಂದು ಲಾಭ ಇದೆ, ಕೆಟ್ಟ ಹೆಸರು ನನ್ನ ಪಾಲಿಗೆ ಬರುತ್ತದೆ. ಉಣಕಲ್ಲಿನ ಒಂದು ಮನೆಯ ಕಾಕಟೀಲ್ ನನ್ನ ಬೈಕಿನ ಸದ್ದಿಗೇ ತುರಾಯಿ ಏರಿಸುತ್ತದಂತೆ. ಎಲ್ಲ ಮುಗಿದ ಮೇಲೆ ಕೈ ತೊಳೆಯಿರಿ, ಒಣಗಿದ ಹಿಕ್ಕೆಯನ್ನು ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಆ ಧೂಳಿನಿಂದ ಮನುಷ್ಯರಿಗೆ ಶ್ವಾಸಕೋಶದ ಸೋಂಕು ಬರುವುದುಂಟು.

ಇನ್ನೊಂದು ಮಾತು, ಇದನ್ನು ಮೊದಲೇ ಹೇಳಬೇಕಿತ್ತು. ಉಗುರು ಅಷ್ಟು ಬೆಳೆಯುವುದೇಕೆ? ಅಂಗಡಿಯ ಪಂಜರದ ಜೊತೆ ಬರುವ ನುಣ್ಣನೆಯ ಪ್ಲಾಸ್ಟಿಕ್ ಕೋಲು, ಎಲ್ಲ ಕಡೆ ಒಂದೇ ದಪ್ಪ. ಉಗುರು ಸವೆಯಲು ಅಲ್ಲಿ ಏನೂ ಇಲ್ಲ. ಅದನ್ನು ಬಿಸಾಡಿ, ಔಷಧ ಹೊಡೆಯದ ಗಿಡದಿಂದ ಪೇರಲ ಟೊಂಗೆ ಕತ್ತರಿಸಿ ತೊಳೆದು ಒಣಗಿಸಿ ಹಾಕಿ, ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ಗಂಟುಗಳಿರುವುದು. ಧಾರವಾಡದ ಕಡೆ ಪೇರಲ ಗಿಡಕ್ಕೆ ಬರವಿಲ್ಲ. ನಮ್ಮ ಮನೆಯಲ್ಲಿ ಮೊದಲು ಎರಡು ತಿಂಗಳಿಗೊಮ್ಮೆ ಧೋತರದ ತುಂಡು ತೆಗೆಯುತ್ತಿದ್ದೆ. ಟೊಂಗೆ ಹಾಕಿದ ಮೇಲೆ ಕಳೆದ ದೀಪಾವಳಿಗೆ ತೆಗೆದದ್ದು, ಯುಗಾದಿ ದಾಟಿದರೂ ಮತ್ತೆ ಬೇಕಾಗಿಲ್ಲ. ಮಡಚಿ ಪಂಜರದ ಪಕ್ಕವೇ ಇಟ್ಟಿದ್ದೇನೆ, ಕಾಕಟೀಲ್ ಎರಡೂ ಅದರ ಮೇಲೆ ಕೂತು ನವಣೆ ಸುಲಿಯುತ್ತವೆ.